ರತ್ನಪುರುಷದ ಚಾತುರ್ಮಾಸ

ಕಳೆದ ವಾರ ಕವಲಾಪುರಕ್ಕೆ ಹೋಗಿದ್ದೆ. ಬಾಳಗೊಂಡನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಸಣ್ಣದೊಂದು ಮಳೆ ಬಿದ್ದು ಆಗಷ್ಟೇ ನಿಂತಿತ್ತು. ಕೆಂಪು ಹರಳು ತುಂಬಿದ ಗರಸು ನೆಲ ನೆಂದ ವಾಸನೆ ಬಂತು. ಎರೆಮಣ್ಣು ನೆಂದರೆ ಬೇರೆ ವಾಸನೆ, ಗರಸು ನೆಂದರೆ ಬೇರೆ. ಗರಸಿನದರಲ್ಲಿ ಸ್ವಲ್ಪ ಕಬ್ಬಿಣ ಇರುತ್ತದೆ, ಕುದಿಯುವ ನೀರಿನಿಂದ ಆಗ ತೆಗೆದ ಚಿಮಟದ ಹಾಗೆ. ಕರವಸ್ತ್ರ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ.

ಎದುರಿಗೆ ದ್ರಾಕ್ಷಿ ತೋಟ. ಬಳ್ಳಿಗಳು ತಂತಿಯ ಮೇಲೆ ಒಂದೇ ಎತ್ತರಕ್ಕೆ, ಒಂದೇ ಅಂತರಕ್ಕೆ ಹಬ್ಬಿಕೊಂಡಿವೆ. ನನಗೆ ಇಷ್ಟವಾಗಬೇಕಾದ ನೋಟ. ಮಿರಜಿನ ಆಸ್ಪತ್ರೆಯಲ್ಲಿ ಆಪರೇಶನ್ ಥಿಯೇಟರಿನ ಸಿಸ್ಟರ್ ಆಗಿ ಬಾಳೆಲ್ಲ ಸಾಲು ನೋಡಿದವಳು ನಾನು. ಕತ್ತರಿ, ಚಿಮಟ, ಸೂಜಿ, ದಾರ, ಒಂದು ಅತ್ತಿತ್ತ ಆದರೂ ಮನಸ್ಸಿಗೆ ಹತ್ತುವುದಿಲ್ಲ. ಆದರೆ ಆ ತೋಟದ ಪೂರ್ವದ ಮೂಲೆ ಕಂಡಾಗ ಮಾತ್ರ ಅಲ್ಲಿ ಸಾಲು ಇರಬಾರದಿತ್ತು ಅನ್ನಿಸಿತು. ಅಲ್ಲಿ ಒಂದು ಬೀಳು ಇತ್ತು. ಹುಲ್ಲು, ಕಲ್ಲು, ಅಲ್ಲಲ್ಲಿ ಉತ್ತರಾಣಿ. ಮತ್ತು ಪದ್ಮಾ ಅಕ್ಕೋರ ಹೂ.

ಪದ್ಮಾ ಅಕ್ಕೋರು ಬಾಳಗೊಂಡನ ಅಕ್ಕ. ಸಾಂಗಲಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಗಂಡ ಬೇಗ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ವಿಶ್ರಾಮಬಾಗ ಬಡಾವಣೆಯಲ್ಲಿ ನನ್ನ ಮನೆಯ ಎದುರಿಗೇ ಅವರ ಮನೆ. ನಾನು ಲಿಂಗಾಯತರ ಮನೆಯ ಮಗಳು, ಅವರು ಜೈನರು. ನೇಮದ ವಿಷಯದಲ್ಲಿ ಇಬ್ಬರೂ ಒಂದೇ ಜಾತಿ. ನಾನು ಗಡಿಯಾರ ನೋಡಿ ಉಣ್ಣುವವಳು. ಅವರು ಸೂರ್ಯ ಮುಳುಗಿದ ಮೇಲೆ ಒಂದು ಗುಟುಕು ನೀರನ್ನೂ ಮುಟ್ಟದವರು.

"ನಿಮ್ಮ ಗಡಿಯಾರದ ಸೆಲ್ ಖಾಲಿ ಆದ್ರ ಉಪಾಸ ಬೀಳ್ತೀರಿ ನೀವು. ನಮ್ಮ ಸೂರ್ಯಗ ಸೆಲ್ ಬೇಕಾಗೂದಿಲ್ಲ," ಅನ್ನುತ್ತಿದ್ದರು.

ಒಂದೊಂದೇ ಬಿಡುತ್ತ ಬಂದಿದ್ದರು. ಬಂಗಾರ ಬಿಟ್ಟರು, ಚಪ್ಪಲಿ ಬಿಟ್ಟರು, ಬಣ್ಣದ ಸೀರೆ ಬಿಟ್ಟರು. ಆ ವರ್ಷ ದೀಪಾವಳಿ ಮುಗಿದ ಮೇಲೆ ದೀಕ್ಷೆ ತೆಗೆದುಕೊಂಡು ಆರ್ಯಿಕೆ, ಅಂದರೆ ಜೈನ ಸನ್ಯಾಸಿನಿ, ಆಗುವುದು ನಿಶ್ಚಯವಾಗಿತ್ತು. ಆಮೇಲೆ ಮನೆ ಇಲ್ಲ, ಊರು ಇಲ್ಲ, ಒಂದು ಬಿಳಿ ಸೀರೆ, ಒಂದು ನವಿಲುಗರಿಯ ಪಿಂಛಿ, ಒಂದು ಕಮಂಡಲ. ಬರಿಗಾಲಲ್ಲಿ ಊರಿಂದ ಊರಿಗೆ ನಡೆಯುವುದು. ಅದಕ್ಕೆ ಮುಂಚಿನ ಕೊನೆಯ ಮಳೆಗಾಲ ಅದು. ನಾನು ಹೇಳುತ್ತಿರುವುದು ಆ ಮಳೆಗಾಲದ ಮಾತು.

ಜೂನ್ ಮೊದಲಿಗೆ ಒಳ್ಳೆ ಮಳೆ ಬಿದ್ದಿತ್ತು. ತಮ್ಮನ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದ ಅಕ್ಕೋರು ಮನೆಗೂ ಹೋಗದೆ ನೇರ ನನ್ನ ಬಾಗಿಲಿಗೆ ಬಂದರು.

"ಸಿಸ್ಟರ್, ಮುಳ್ಳು ತಗಿಯೂ ಆ ಭಿಂಗ ಐತೇನು?"

ನನ್ನ ಭೂತಗನ್ನಡಿಗೆ ಅವರು ಭಿಂಗ ಅನ್ನುತ್ತಿದ್ದರು. ಒದ್ದೆ ಕರವಸ್ತ್ರ ಬಿಚ್ಚಿದರು. ಒಳಗೆ ಒಂದು ಹೂ, ಅದರ ಜೊತೆ ಒಂದು ಎಳೆ ಕಾಯಿ. ತೆಳು ನೇರಳೆ ಬಣ್ಣ, ಗುಲಾಬಿಯ ಕಡೆಗೆ ವಾಲಿದ್ದು. ಎಸಳು ಒಂದೇ, ಸಣ್ಣ ಸಲಿಕೆಯ ಹಾಗೆ ಮುಂದಕ್ಕೆ ಚಾಚಿಕೊಂಡಿತ್ತು.

"ಉಳಿದ ಎಸಳು ಉದುರಿ ಹೋಗ್ಯಾವು," ಅಂದೆ.

"ನಾನೂ ಹಂಗ ಅಂದ್ಕೊಂಡಿದ್ದೆ. ದಿನಾ ಮುಂಜಾನೆ ಹೋಗಿ ನೋಡೇನಿ. ಯಾವ ಗಿಡದಾಗ ನೋಡಿದ್ರೂ ಒಂದ. ಎಲ್ಲಾ ಹೂವಿಗೂ ಒಂದ ಸಲಕ್ಕ ನಾಕ್ನಾಕು ಎಸಳು ಉದರ್ತಾವೇನು?"

ಕಿಡ್ನಿ ಟ್ರೇ ತಂದೆ, ಬಿಳಿ ಬಟ್ಟೆ ಹಾಸಿದೆ, ಹೂವನ್ನು ನಡುವೆ ಇಟ್ಟೆ. ಕಿಟಕಿಯ ಬೆಳಕಿಗೆ ಇಬ್ಬರೂ ಬಗ್ಗಿ ಕುಳಿತೆವು. ಅಕ್ಕೋರು ಹೇಳುವುದು, ನಾನು ಸೂಜಿ ಆಡಿಸುವುದು. ಅವರ ಕೈ ಆಗಲೇ ಸ್ವಲ್ಪ ನಡುಗುತ್ತಿತ್ತು. ದೊಡ್ಡ ಎಸಳನ್ನು ಕೆಳಕ್ಕೆ ಸರಿಸಿದಾಗ ಅದರ ಹಿಂದೆ ಮತ್ತೆರಡು ಕಂಡವು, ಸಾಸಿವೆ ಕಾಳಿಗಿಂತ ತುಸು ದೊಡ್ಡವು. ಅವುಗಳ ಹಿಂದೆ ಇನ್ನೆರಡು. ಒಟ್ಟು ಐದು. ಒಳಗೆ ಐದು ಕೇಸರಗಳು, ಚಳಿಗೆ ಒಲೆ ಸುತ್ತ ಕುಳಿತವರ ಹಾಗೆ ಒಂದಕ್ಕೊಂದು ಒತ್ತಿಕೊಂಡಿದ್ದವು. ಅವುಗಳಲ್ಲಿ ಎರಡಕ್ಕೆ ಪುಟ್ಟ ಬಾಲ. ಪಕ್ಕದಲ್ಲೇ ಇದ್ದ ಎಳೆ ಕಾಯಿಯನ್ನು ಅಡ್ಡ ಕೊಯ್ದೆ. ಒಳಗೆ ಮೂರು ಗೋಡೆ, ಗೋಡೆಗೆ ಅಂಟಿದ ಬೀಜ.

ಅಕ್ಕೋರು ಭಿಂಗ ಕೆಳಗಿಟ್ಟರು. ಕೊಯ್ದ ಕಾಯಿಯನ್ನು ಬರಿಗಣ್ಣಿಗೆ ಹತ್ತಿರ ಹಿಡಿದು ನೋಡಿದರು. ಆಮೇಲೆ, "ಇದು ವಾಯೊಲೆಟ್ಟಿನ ಮನೆತನದ್ದು," ಅಂದರು.

"ಆಗಲಿ. ಅದರಾಗ ಅಷ್ಟು ಗಾಬರಿ ಆಗೂದೇನೈತಿ?"

"ಸಿಸ್ಟರ್, ಪ್ರತಿ ವರ್ಷ ಆ ಪಾಠ ಬಂದಾಗ ಹುಡುಗ್ರಿಗೆ ನಾನ ಹೇಳ್ತಿದ್ದೆ. ವಾಯೊಲೆಟ್ ಥಂಡಿ ಗುಡ್ಡದ ಹೂ, ನಮ್ಮ ಕಡೆ ಬೆಳಿಯೂದಿಲ್ಲ, ಚಿತ್ರ ನೋಡ್ರಿ ಸಾಕು ಅಂತ. ನಮ್ಮಪ್ಪನ ಹೊಲದಾಗ ಇತ್ತು ಇದು. ಎಮ್ಮಿ ಕಾಯಾಕ ಹೋದಾಗ ಇದನ್ನ ತುಳ್ಕೊಂಡ ಅಡ್ಡಾಡೇನಿ."

ಅವರಿಗೆ ಬೇಕಾದದ್ದು ಇಷ್ಟೇ. ಮನೆ ಬಿಡುವ ಮೊದಲು ಆ ಗಿಡ ಶಾಲೆಯ ಅಂಗಳದಲ್ಲಿ ಬೇರೂರಬೇಕು. ಪಕ್ಕದಲ್ಲಿ ಹೆಸರಿನ ಒಂದು ಹಲಗೆ ಇರಬೇಕು. ತಾವು ತಪ್ಪು ಹೇಳಿದ ಜಾಗದಲ್ಲೇ ಸರಿಯಾದದ್ದು ನಿಂತಿರಬೇಕು. ಉಳಿದದ್ದೆಲ್ಲ ಬಿಟ್ಟಾಗಿತ್ತು, ಇದೊಂದು ಬಾಕಿ ಇತ್ತು.

ಹೆಸರು ಖಾತ್ರಿ ಮಾಡಿಕೊಳ್ಳಲು ಮಿರಜಿನ ಪೇಟೆಗೆ ಹೋದೆವು. ಅಲ್ಲಿ ನಮ್ಮ ದೂರದ ಸಂಬಂಧಿಕ ಮಲ್ಲಪ್ಪ ಗಿಡಮೂಲಿಕೆಯ ಅಂಗಡಿ ಇಟ್ಟಿದ್ದಾನೆ. ಅಕ್ಕೋರು ಗಿಡದ ವರ್ಣನೆ ಹೇಳಿದರು: ಮೊಳಕಾಲಿಗಿಂತ ಗಿಡ್ಡ, ಸಪೂರ ಎಲೆ, ಒಂದೆಸಳಿನ ಹೂ. ಮಲ್ಲಪ್ಪ ಗಿರಾಕಿಗಳ ಕಡೆ ಒಮ್ಮೆ ನೋಡಿ, ದನಿ ಇಳಿಸಿ, "ರತನಪುರುಷ. ರತ್ನಪುರುಷ ಅಂತಾರ್ರಿ," ಅಂದ.

"ಹಾಂ, ಅದ. ಒಂದು ಪುಡಿಕಿ ಕೊಡು."

"ಯಾರಿಗೆ ಬೇಕಾಗಿತ್ರಿ ಅಕ್ಕೋರ?"

"ನನಗ."

ಮಲ್ಲಪ್ಪ ತಕ್ಕಡಿಯ ಹಿಂದೆ ಬಗ್ಗಿ ಏನೋ ಹುಡುಕತೊಡಗಿದ. ಮೇಲೇಳಲೇ ಇಲ್ಲ. ಅದು ಗಂಡಸರ ಶಕ್ತಿಗೆ ಕೊಡುವ ಔಷಧ ಅಂತ ನನಗೆ ಗೊತ್ತಿತ್ತು. ಅಕ್ಕೋರಿಗೆ ಗೊತ್ತಿರಲಿಲ್ಲ. ರಿಕ್ಷಾ ಹತ್ತಿದ ಮೇಲೆ ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿ ನಕ್ಕರು, ಕಣ್ಣಲ್ಲಿ ನೀರು ಬರುವ ತನಕ. "ದೀಕ್ಷಾ ತಗೊಳ್ಳಾಕ್ಕಿ ಪ್ಯಾಟಿಗೆ ಹೋಗಿ ಇದನ್ನ ತಂದಳು ಅಂತ ಊರೆಲ್ಲ ಹೇಳ್ತಾನವ," ಅಂದರು. ರಿಕ್ಷಾದ ದಸ್ತಗೀರ ಕನ್ನಡಿಯಲ್ಲಿ ನೋಡಿ, "ಅಂವ ಹೇಳ್ದಿದ್ರ ನಾ ಹೇಳ್ತೀನ್ರಿ," ಅಂದ.

ಪುಡಿಕೆಯಲ್ಲಿದ್ದದ್ದು ಬೇರು ಸಮೇತ ಕಿತ್ತು ಒಣಗಿಸಿದ ಗಿಡ. ಒಂದೆರಡು ಒಣ ಕಾಯಿ ಮೂರು ದೋಣಿಗಳ ಹಾಗೆ ಸೀಳಿಕೊಂಡಿದ್ದವು. ಬೀಜ ಒಂದೂ ಇರಲಿಲ್ಲ. ಕಾಯಿ ನಮ್ಮದಕ್ಕೆ ಹೊಂದಿತು. ಗಿಡ ಗುರುತಾಯಿತು.

ಬೆಳೆಸುವುದು ಮಾತ್ರ ನಾವಂದುಕೊಂಡಷ್ಟು ಸುಲಭವಾಗಲಿಲ್ಲ. ಚಾತುರ್ಮಾಸ ಶುರುವಾಗಲು ಇನ್ನೂ ಸ್ವಲ್ಪ ದಿನ ಇತ್ತು. ಅಷ್ಟರೊಳಗೆ ಎರಡು ಗಿಡ ಅಗೆದು ತಂದೆವು. ಮೇಲೆ ಕಡ್ಡಿಯಷ್ಟು ಗಿಡ, ಕೆಳಗೆ ಕಟ್ಟಿಗೆಯಂಥ ಬೇರು. ಗರಸಿನೊಳಗೆ ಎಲ್ಲಿಯವರೆಗೆ ಹೋಗಿದೆಯೋ ತಿಳಿಯದು. ಎಷ್ಟು ಜತನದಿಂದ ಅಗೆದರೂ ಬೇರು ಮುರಿಯಿತು. ಎರಡೂ ಕುಂಡದಲ್ಲಿ ತಲೆ ಬಾಗಿಸಿ, ಎಲೆ ಉದುರಿಸಿ, ವಾರದೊಳಗೆ ಒಣಗಿದವು. ಬೇರೆ ಗಿಡ ಮುಟ್ಟುವುದು ಬೇಡ, ಬೀಜದಿಂದಲೇ ಮಾಡೋಣ ಅಂತ ನಿರ್ಧರಿಸಿದೆವು.

ಬೀಜ ಬಲಿಯುವ ಹೊತ್ತಿಗೆ ಚಾತುರ್ಮಾಸ ಬಂತು.

ಆ ನಾಲ್ಕು ತಿಂಗಳು ಅಕ್ಕೋರು ಹಸಿರು ಹರಿಯುವುದಿಲ್ಲ, ಮಣ್ಣು ಅಗೆಯುವುದಿಲ್ಲ, ಸೊಪ್ಪು ತಿನ್ನುವುದಿಲ್ಲ. ಮಳೆಗಾಲದಲ್ಲಿ ನೆಲದ ತುಂಬ ಜೀವ, ಗೊತ್ತಿಲ್ಲದೆ ಒಂದೂ ಸಾಯಬಾರದು. ಆ ವರ್ಷ ಇನ್ನೊಂದು ನೇಮ ಸೇರಿಸಿಕೊಂಡಿದ್ದರು. ಮನೆ, ಹೊಲ, ವ್ಯವಹಾರದಲ್ಲಿ ಇನ್ನು ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ. ಸಂಸಾರದ ಮಾತಿನಿಂದ ನಾಲಿಗೆ ಬಿಡಿಸಿಕೊಳ್ಳುವ ಅಭ್ಯಾಸ ಅದು. ತಮ್ಮನ ಮುಂದೆ ಹೇಳಿಯೇ ಆ ನೇಮ ಹಿಡಿದಿದ್ದರು.

"ಅದಕ್ಕೇನ್ರಿ, ಕಾಯಿ ನಾನು ಹರಕೊಂಡು ಬರ್ತೀನಿ," ಅಂದೆ. "ನನಗೇನು ನೇಮ ಇಲ್ಲ."

"ಮಾಡೂದು, ಮಾಡ್ಸೂದು, ಮಾಡಿದವರಿಗೆ ಛಲೋ ಮಾಡಿದಿ ಅನ್ನೂದು. ಮೂರೂ ಒಂದ ಸಿಸ್ಟರ್. ನೀವು ನನ್ನ ಸಲುವಾಗಿ ಹರದ್ರ ಅದು ನಾನ ಹರದಂಗ."

ಡಾಕ್ಟರರ ಆರ್ಡರ್ ಇಲ್ಲದೆ ಒಂದು ಗುಳಿಗೆಯನ್ನೂ ರೋಗಿಯ ಬಾಯಿಗೆ ಹಾಕದವಳು ನಾನು. ನೇಮ ಅಂದರೆ ನೇಮ, ಮುರಿಯಿರಿ ಅಂತ ಹೇಳುವ ನಾಲಿಗೆ ನನಗಿಲ್ಲ. ಆದರೆ ನೇಮದೊಳಗೇ ದಾರಿ ಹುಡುಕುವುದು ಗೊತ್ತು. ಆ ಗಿಡ ತನ್ನ ಬೀಜವನ್ನು ತಾನೇ ಎಸೆಯುತ್ತದೆ. ಕಾಯಿ ಬಲಿತ ಮೇಲೆ ತಲೆ ಎತ್ತಿ ನಿಂತು, ಮೂರಾಗಿ ಸೀಳಿ, ದೋಣಿಯ ಅಂಚು ಬಿಗಿಯುತ್ತ ಬಂದಂತೆ ಬೀಜ ಒಂದೊಂದಾಗಿ ಚಿಮ್ಮುತ್ತದೆ. ಗಿಡ ತಾನಾಗಿ ಬಿಟ್ಟದ್ದನ್ನು ಆರಿಸಿಕೊಂಡರೆ ಹಿಂಸೆಯಿಲ್ಲ. ಚಿಮ್ಮಿದ್ದು ಕಳೆದುಹೋಗದಂತೆ ಹಿಡಿಯಬೇಕು, ಅಷ್ಟೇ. ಬೀಜದ ತುದಿಗೆ ಇರುವೆಗೆ ಪ್ರಿಯವಾದದ್ದೇನೋ ಇರುತ್ತದಂತೆ, ಬಿದ್ದ ಮರುಗಳಿಗೆಯಲ್ಲೇ ಹೊತ್ತುಕೊಂಡು ಹೋಗುತ್ತಿದ್ದವು.

ನನ್ನ ಕಪಾಟಿನಲ್ಲಿ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಸುರುಳಿ ಇತ್ತು. ಹೆಬ್ಬೆರಳಿನಷ್ಟು ಚೀಲ ಹೊಲಿದೆ, ಬಾಯಿಗೆ ದಾರ ಪೋಣಿಸಿದೆ. ಕಾಯಿ ಒಳಗೆ ಬರುವಂತೆ ತೊಡಿಸಿ ತೊಟ್ಟಿನ ಮೇಲೆ ಸಡಿಲ ಗಂಟು ಹಾಕುವುದು. ಬಿಗಿಯಾದರೆ ತೊಟ್ಟಿಗೆ ರಸ ಹತ್ತುವುದಿಲ್ಲ. ಬೆರಳಿನ ಗಾಯ ಕಟ್ಟಿದವರಿಗೆ ಅದು ಹೇಳಿಕೊಡಬೇಕಾಗಿಲ್ಲ.

ಅಕ್ಕೋರು ಚೀಲವನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. "ಒಳಗ ಹುಳ ಸಿಕ್ಕಬಿದ್ರ?"

"ದಿನಾ ಮುಂಜಾನೆ ಬಿಚ್ಚಿ ನೋಡೋಣ."

"ದಿನಾ ಅಂದ್ರ ದಿನಾ?"

"ನಾನು ಡ್ಯೂಟಿ ತಪ್ಪಿಸಿದ್ದು ಕೇಳೀರೇನು ನೀವು?"

ಅಲ್ಲಿಂದ ನಮ್ಮ ಮಳೆಗಾಲ ಒಂದು ಸಾಲಿಗೆ ಬಂತು. ಬೆಳಗಾಗುತ್ತಲೇ ದಸ್ತಗೀರನ ರಿಕ್ಷಾ. ಸಾಂಗಲಿ ದಾಟಿ, ತಾಸಗಾಂವ ರಸ್ತೆ ಹಿಡಿದು ಕವಲಾಪುರ. ಅಕ್ಕೋರು ಹಸಿರು ಹುಲ್ಲು ತುಳಿಯದಂತೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬರುವುದು. ನಾನು ಬಗ್ಗಿ ಗಂಟು ಬಿಚ್ಚುವುದು, ಇರುವೆ ಇದ್ದರೆ ಅವರು ಮೆಲ್ಲಗೆ ಊದಿ ಹೊರಗೆ ಕಳಿಸುವುದು. ಬೀಜ ಸಿಕ್ಕರೆ ಪೆನಿಸಿಲಿನ್ನಿನ ಹಳೆಯ ಶೀಶೆಗೆ ಹಾಕುವುದು. ಕೆಲವು ದಿನ ಎರಡು ಬೀಜ, ಕೆಲವು ದಿನ ಏನೂ ಇಲ್ಲ. ಎಷ್ಟೋ ಚೀಲ ಮಳೆಗೆ ಒದ್ದೆಯಾಗಿ ಕಾಯಿ ಕೊಳೆಯುತ್ತಿತ್ತು. ಒಂದು ದಿನ ಆಡು ಬಂದು ಚೀಲ ಸಮೇತ ಮೇದು ಹೋಯಿತು.

ಬಾಳಗೊಂಡ ದೂರದಿಂದ ನೋಡಿ ನಗುತ್ತಿದ್ದ. ದೊಡ್ಡ ಆಳು, ದನಿಯೂ ದೊಡ್ಡದು. "ಸಿಸ್ಟರ್, ಆಪರೇಶನ್ ಆತೇನ್ರಿ? ಪೇಶಂಟ್ ಹೆಂಗದಾನ?"

ದಸ್ತಗೀರ ಬೀಡಿ ಹಚ್ಚುತ್ತ, "ಪೇಶಂಟ್ ಬರೋಬರ್ ಅದಾನ. ಸಿಸ್ಟರ್‍ಗ ಸೊಂಟ ಹಿಡ್ಕೊಂಡೈತಿ," ಅನ್ನುತ್ತಿದ್ದ.

ಆ ದಿನಗಳು ಚೆನ್ನಾಗಿದ್ದವು. ಬೆಳಗಿನ ಹೊತ್ತು ಹೂ ಅರಳಿರುತ್ತಿತ್ತು. ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಸಲಿಕೆ. ನಿಂತು ನೋಡಿದರೆ ಕಾಣುವುದಿಲ್ಲ, ಬಗ್ಗಿದರೆ ಒಂದರ ಹಿಂದೆ ಒಂದು ಕಾಣುತ್ತಿತ್ತು. ಅಕ್ಕೋರು ಒಂದು ಕಲ್ಲಿನ ಮೇಲೆ ಕುಳಿತು ಪಾಠ ಹೇಳುತ್ತಿದ್ದರು, ಮುಂದೆ ನಾನೊಬ್ಬಳೇ ವಿದ್ಯಾರ್ಥಿನಿ. ಒಂದು ದಿನ ಅವರನ್ನು ಕೇಳಿದೆ, "ಎಲ್ಲಾ ಬಿಟ್ಟು ಹೊಂಟವರಿಗೆ ಇದೊಂದು ಗಿಡ ಯಾಕ ಇಷ್ಟು ಹತ್ತಿಕೊಂಡೈತ್ರಿ?"

"ಹತ್ತಿಕೊಂಡಿಲ್ಲ. ಬಿಡಾಕತ್ತೀನಿ. ಆದ್ರ ಕೈಯಾಗ ಅರ್ಧಾ ಹಿಡದದ್ದನ್ನ ಬಿಡಾಕ ಬರೂದಿಲ್ಲ. ಪೂರಾ ಮಾಡಿ ಕೆಳಗ ಇಡಬೇಕು."

ದೀಪಾವಳಿಗೆ ಚಾತುರ್ಮಾಸ ಮುಗಿಯುತ್ತದೆ. ಅದಾದ ಮರುದಿನವೇ ಬಾಳಗೊಂಡನಿಂದ ಸುತ್ತಲಿನ ಮಣ್ಣು ಸಮೇತ ಆಳವಾಗಿ ಅಗೆಸಿ ಎರಡು ಗಿಡ ಶಾಲೆಗೆ ಒಯ್ಯುವುದು, ಜೊತೆಗೆ ಬೀಜವನ್ನೂ ಹಾಕುವುದು ಅಂತ ಅವರ ಲೆಕ್ಕ. ಹಲಗೆಗೆ ಬಣ್ಣ ಹಚ್ಚಿ ಆಗಿತ್ತು. ಕನ್ನಡ, ಮರಾಠಿ ಎರಡರಲ್ಲೂ ಅಕ್ಕೋರೇ ಬರೆದಿದ್ದರು. ಬೀಳು ದೀಪಾವಳಿಯವರೆಗೆ ಹಾಗೆಯೇ ಇರಬೇಕು ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಬಾಳಗೊಂಡನಿಗೆ ಅಕ್ಕೋರು ಹೇಳಿರುತ್ತಾರೆ ಅಂತ ನಾನಂದುಕೊಂಡಿದ್ದೆ. ಹೊಲದ ಮಾತು ಆಡದ ನೇಮ ಅವರದು ಅನ್ನುವುದು ನನಗೆ ಗೊತ್ತಿತ್ತು. ಆದರೆ ಈ ಎರಡನ್ನೂ ನಾನು ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ.

ನವರಾತ್ರಿ ಮುಗಿದಿತ್ತು. ಮಳೆ ಹಿಂದೆ ಸರಿದು ನೆಲ ಗಟ್ಟಿಯಾಗಿತ್ತು. ಆ ದಿನ ಬೆಳಿಗ್ಗೆ ನನಗೆ ಮಿರಜಿನ ಆಸ್ಪತ್ರೆಯಲ್ಲಿ ಕಣ್ಣಿನ ತಪಾಸಣೆ ಇತ್ತು. ಅಕ್ಕೋರು ಹಿಂದಿನ ದಿನವೇ ತಮ್ಮನ ಮನೆಗೆ ಹೋಗಿದ್ದರು, ಚೀಲ ನೋಡುವುದನ್ನು ಅವರೇ ಮಾಡುತ್ತೇನೆ ಅಂದಿದ್ದರು. ನಾನು ಕವಲಾಪುರಕ್ಕೆ ಮುಟ್ಟುವಾಗ ಬಿಸಿಲು ಏರಿತ್ತು. ರಿಕ್ಷಾದಿಂದ ಇಳಿಯುವ ಮೊದಲೇ ಜೆಸಿಬಿಯ ಸದ್ದು ಕೇಳಿಸಿತು. ದಸ್ತಗೀರ ಇಂಜಿನ್ ಬಂದ್ ಮಾಡಿದ.

ಬೀಳು ಇರಲಿಲ್ಲ. ಆ ಜಾಗ ಕೆಂಪಗೆ, ಸಪಾಟಾಗಿ, ಬದುವಿನವರೆಗೆ ಅಂಗೈಯ ಹಾಗೆ ಬಿದ್ದಿತ್ತು. ಕಲ್ಲು, ಹುಲ್ಲು, ಗರಸು ಎಲ್ಲ ಒಂದು ಗುಂಪೆಯಾಗಿ ಆಚೆ ಬಿದ್ದಿದ್ದವು. ಗುಂಪೆಯಲ್ಲಿ ಅಲ್ಲಲ್ಲಿ ಬಿಳಿ ಗಾಜ್ ಬಟ್ಟೆ ಕಾಣುತ್ತಿತ್ತು. ಅಕ್ಕೋರು ಬೇವಿನ ಮರದ ಕೆಳಗೆ ನಿಂತಿದ್ದರು.

ಬಾಳಗೊಂಡ ಬೆವರು ಒರೆಸಿಕೊಳ್ಳುತ್ತ ಬಂದ. ಹಿಂದಿನ ಸಂಜೆ ಜೆಸಿಬಿಯವನು ತಾನಾಗಿ ಬಂದನಂತೆ. ದ್ರಾಕ್ಷಿ ಹಚ್ಚುವವರ ಸರದಿ ಉದ್ದಕ್ಕಿತ್ತು, ಈಗ ಬಿಟ್ಟರೆ ಮತ್ತೆ ಬೇಸಿಗೆಗೇ ಅಂದನಂತೆ.

"ನಾ ಅಕ್ಕನ್ನ ಕೇಳಿದೆ ಸಿಸ್ಟರ್. ಮಷಿನ್ ನಿಲ್ಸಿ ಕೇಳಿದೆ. ಅಕ್ಕಾ, ಈ ಮೂಲಿ ಬಿಡಲೊ ಬ್ಯಾಡೊ, ನಿನ್ನ ಗಿಡ ಅದಾವಲ್ಲ ಅಂದೆ. ಕೆಳಗ ನೋಡ್ಕೋತ ನಿಂತಳು. ಮತ್ತ ಕೇಳಿದೆ. ಮಾತಾಡಲಿಲ್ಲ. ಬ್ಯಾಸರ ಆತೇನಕ್ಕಾ ಅಂದೆ. ಮಾತಾಡಲಿಲ್ಲ. ಬೀಜ ಹೆಂಗೂ ತಗೊಂಡಾರ, ಕೆಲಸ ಮುಗದೈತಿ, ಅದಕ್ಕ ಸುಮ್ಮನದಾಳ ಅಂತ ತಿಳ್ಕೊಂಡೆ ನಾ."

ಅವನ ದೊಡ್ಡ ದನಿ ಕಡೆಕಡೆಗೆ ಸಣ್ಣದಾಯಿತು. "ಬ್ಯಾಡ ಅಂತ ಒಂದು ಮಾತು ಅಂದಿದ್ರ ನಾ ತೋಟಾನ ಹಚ್ಚತಿರಲಿಲ್ಲ. ಅಕ್ಕನ ಮಾತು ಯಾವತ್ತು ಮೀರೀನಿ?"

ಅವನನ್ನು ಬೈಯಲು ಏನೂ ಇರಲಿಲ್ಲ. ಅಕ್ಕನ ನೇಮ ಅವನಿಗೆ ಗೊತ್ತಿತ್ತು, ಆದರೆ ಅದು ಹಂಚಿಕೆ, ಬೆಲೆ, ಜಗಳದಂಥ ದೊಡ್ಡ ಮಾತಿಗೆ ಅಂತ ತಿಳಿದಿದ್ದ. ಒಂದು ಹಿಡಿ ಹುಲ್ಲಿನ ಜಾಗಕ್ಕೂ ಅಕ್ಕ ಅದನ್ನು ಹಿಡಿಯುತ್ತಾಳೆ ಅಂತ ಅವನಿಗೆ ಹೊಳೆಯಲಿಲ್ಲ. ಅಕ್ಕೋರ ಹತ್ತಿರ ಹೋಗಿ ನಿಂತೆ. ಅವರ ಮುಖ ತಣ್ಣಗಿತ್ತು. ಅವರ ಕೈ ಹಿಡಿದುಕೊಂಡೆ.

"ಒಂದು ಸಲ ತಲಿ ಅಲ್ಲಾಡ್ಸಿದ್ರೂ ಸಾಕಾಗ್ತಿತ್ತಲ್ರಿ," ಅಂದೆ.

"ಹೌದು," ಅಂದರು. ಗುಂಪೆಯ ಕಡೆ ನೋಡಿ, "ಬೇಕಾದ್ದಕ್ಕ ಮುರದು ಬ್ಯಾಡಾದ್ದಕ್ಕ ಹಿಡದ್ರ ಅದು ನೇಮ ಅಲ್ಲ," ಅಂದರು.

ಅದು ಸರಿ ಅಂತ ನನಗೆ ಆಗಲೂ ಗೊತ್ತಿತ್ತು. ನಾನೂ ಹಾಗೆಯೇ ಬದುಕಿದವಳು. ಆದರೆ ಆ ಗುಂಪೆಯ ಮುಂದೆ ನಿಂತಾಗ, ನಾವಿಬ್ಬರೂ ಇಷ್ಟು ನೇಮಸ್ಥರಲ್ಲದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ನಡುವೆ ಯಾರಾದರೂ ಬಾಯಿಬಡುಕರು ಇದ್ದಿದ್ದರೆ ಬಾಳಗೊಂಡನಿಗೆ ಜುಲೈ ತಿಂಗಳಲ್ಲೇ ಗೊತ್ತಾಗಿರುತ್ತಿತ್ತು.

ಉಳಿದದ್ದು ಶೀಶೆಯ ತಳದಲ್ಲಿದ್ದ ಬೀಜ. ದೀಪಾವಳಿ ಮುಗಿದ ಮರುದಿನ ಅಕ್ಕೋರು ಶಾಲೆಯ ಅಂಗಳದಲ್ಲಿ ತಮ್ಮ ಕೈಯಾರೆ ಮಣ್ಣು ಬಿಡಿಸಿ ಅರ್ಧ ಬೀಜ ಹಾಕಿದರು. ತಿಂಗಳುಗಟ್ಟಲೆ ಮಣ್ಣು ಮುಟ್ಟದ ಬೆರಳುಗಳು ಆಟಕ್ಕೆ ಬಿಟ್ಟ ಮಕ್ಕಳ ಹಾಗೆ ಆತುರ ಮಾಡಿದವು. ಉಳಿದರ್ಧ ನನ್ನ ಕೈಗೆ ಕೊಟ್ಟರು.

"ಇವು ಬ್ಯಾಸಗಿ ಕಂಡ ಮ್ಯಾಲೆ ಏಳ್ತಾವೋ ಏನೋ. ಮುಂದಿನ ಮಳಿಗೆ ಹಾಕ್ರಿ. ಹಲಗಿ ಗಿಡ ಬಂದ ಮ್ಯಾಲೆನ ನಿಲ್ಸ್ರಿ. ಬರೇ ಹಲಗಿ ನಿಲ್ಸಬ್ಯಾಡ್ರಿ."

ವಾರದೊಳಗೆ ದೀಕ್ಷೆಯಾಯಿತು. ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುವುದು ಅವರ ಪದ್ಧತಿ. ಎಷ್ಟೋ ಗಾಯ ನೋಡಿದ ನಾನು ಅದನ್ನು ನೋಡಲಾರದೆ ಮಂಟಪದ ಹೊರಗೆ ಬಂದೆ. ಅಲ್ಲಿ ಬಾಳಗೊಂಡ ಕಂಬಕ್ಕೆ ಹಣೆ ಹಚ್ಚಿ ನಿಂತಿದ್ದ. ಅವರಿಗೆ ಹೊಸ ಹೆಸರು ಬಂತು. ಆರ್ಯಿಕೆಯರ ಸಂಘದ ಜೊತೆ ದಕ್ಷಿಣದ ಕಡೆ ನಡೆದು ಹೋದರು. ಎದುರು ಮನೆಗೆ ಬೇರೆಯವರು ಬಂದರು.

ಶಾಲೆಯ ಅಂಗಳದಲ್ಲಿ ಚಳಿಗಾಲ ಪೂರ್ತಿ ನೀರು ಹಾಕಿಸಿದೆ. ಏನೂ ಬರಲಿಲ್ಲ. ಬೇಸಿಗೆ ಹೋಯಿತು. ಮೊದಲ ಮಳೆಗೆ ಕವಲಾಪುರದ ಗರಸನ್ನೇ ತರಿಸಿ ಕುಂಡ ತುಂಬಿ ಉಳಿದ ಬೀಜ ಹಾಕಿದೆ. ಕೆಲವನ್ನು ಆಳಕ್ಕೆ, ಕೆಲವನ್ನು ಮೇಲೆ, ಕೆಲವನ್ನು ರಾತ್ರಿಯಿಡೀ ನೆನೆಸಿ. ಒಂದು ಮೊಳಕೆ ಬಂತು. ಗಾಳಿ ತಾಗದಂತೆ, ಹೆಚ್ಚು ನೀರಾಗದಂತೆ, ಹುಟ್ಟಿದ ಕೂಸಿನ ಹಾಗೆ ಕಾಯ್ದೆ. ಭಿಂಗ ಹಿಡಿದು ದಿನವೂ ಎಲೆ ನೋಡುತ್ತಿದ್ದೆ. ಎಲೆಯ ಕೆಳಗೆ ಸಾಲಾಗಿ ಪುಟ್ಟ ಕಾಯಿ ಬಿಟ್ಟಾಗ ಗೊತ್ತಾಯಿತು, ಅದು ನೆಲನೆಲ್ಲಿ. ದಸ್ತಗೀರನಿಗೆ ಕಾಮಾಲೆಯಾದಾಗ ಅದನ್ನು ಕಿತ್ತು ಕೊಟ್ಟೆ. "ಅಕ್ಕೋರ ಹೂ ನನಗ ಔಷಧ ಆತಲ್ಲ," ಅಂದ. ಅಲ್ಲ ಅಂತ ಹೇಳಿದರೂ ಅವನು ಒಪ್ಪಲಿಲ್ಲ.

ಬೀಜ ಎಳೆಯದಿತ್ತೋ, ಒದ್ದೆ ಗಾಜ್ ಬಟ್ಟೆಯಲ್ಲಿ ಕೆಟ್ಟಿತ್ತೋ, ಶೀಶೆಯಲ್ಲಿ ಉಸಿರುಗಟ್ಟಿತೋ, ಇಂದಿಗೂ ಗೊತ್ತಿಲ್ಲ. ಲಿಂಗನೂರಿನ ಕಡೆ, ಕುಪವಾಡ ಎಂಐಡಿಸಿಯ ಕಾರ್ಖಾನೆಗಳ ಹಿಂದಿನ ಖಾಲಿ ಜಾಗದಲ್ಲಿ, ದಾರಿಯಲ್ಲಿ ಬೀಳು ಕಂಡಲ್ಲೆಲ್ಲ ದಸ್ತಗೀರ ರಿಕ್ಷಾ ನಿಲ್ಲಿಸುತ್ತಿದ್ದ. ನಾನು ಇಳಿದು ಬಗ್ಗಿ ನೋಡುತ್ತಿದ್ದೆ. ಆ ಗಿಡ ಲೋಕದಲ್ಲಿ ಇಲ್ಲವಾಗಿಲ್ಲ. ಮಲ್ಲಪ್ಪನ ಅಂಗಡಿಗೆ ಎಲ್ಲಿಂದಲೋ ಒಣಗಿ ಬರುತ್ತಲೇ ಇದೆ. ನನಗೆ ಮಾತ್ರ ಸಿಗಲಿಲ್ಲ. ಹಲಗೆ ನನ್ನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ.

ಹೋದ ಚಳಿಗಾಲದಲ್ಲಿ ಅವರ ಸಂಘ ಮಿರಜಿನ ಮೇಲೆ ಹಾದುಹೋಯಿತು. ಬಸದಿಯಲ್ಲಿ ಎರಡು ದಿನ ಮುಕ್ಕಾಮು. ಬಾಳಗೊಂಡನ ಹೆಂಡತಿ ಫೋನ್ ಮಾಡಿ ಕರೆದಳು. ಹೆಂಗಸರ ಸಾಲಿನಲ್ಲಿ ನಿಂತೆ. ಆರ್ಯಿಕೆಯರು ಹಲಗೆಗಳ ಮೇಲೆ ಕುಳಿತಿದ್ದರು. ಎಲ್ಲರಿಗೂ ಒಂದೇ ಬಿಳಿ ಸೀರೆ. ಹುಡುಕಬೇಕಾಯಿತು. ತೀರ ಸೊರಗಿದ್ದರು. ಕೈ ನೋಡಿ ಗುರುತು ಹಿಡಿದೆ. ಪಿಂಛಿಯ ಗರಿಗಳು ನಡುಗುತ್ತಿದ್ದವು.

ಅಲ್ಲಿ ಮನೆಯ ಮಾತು, ಹಳೆಯ ಪರಿಚಯದ ಮಾತು ಎತ್ತಬಾರದು ಅಂತ ಮೊದಲೇ ಹೇಳಿದ್ದರು. ತಮ್ಮನಿಗೂ ಅವರು ಎಲ್ಲರಿಗೆ ಮಾಡಿದ ಹಾಗೆ ಪಿಂಛಿ ಎತ್ತಿ ಆಶೀರ್ವಾದ ಮಾಡಿದರಂತೆ, ಅಷ್ಟೇ. ನನ್ನ ಸರದಿ ಬಂತು. ಬಗ್ಗಿ, "ವಂದಾಮಿ ಮಾತಾಜಿ," ಅಂದೆ. ಪಿಂಛಿ ಮೇಲೆದ್ದಿತು. ಅರ್ಧಕ್ಕೆ ನಿಂತಿತು.

"ಬಂತೇನು?" ಅಂದರು. ತೀರ ಮೆಲ್ಲಗೆ.

ನಾನು ಈ ಪ್ರಶ್ನೆ ನಿರೀಕ್ಷಿಸಿರಲಿಲ್ಲ. ರೋಗಿಯ ಕಡೆಯವರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಆಸೆ ಹಚ್ಚಬಾರದು ಅಂತ ನಮಗೆ ಕಲಿಸಿದ್ದರು. ಬಾಯಿಗೆ ಅದೇ ಬಂತು.

"ಇಲ್ಲ್ರಿ," ಅಂದೆ.

ಅವರು ತಲೆ ಆಡಿಸಿದರು. ಪಿಂಛಿ ಉಳಿದರ್ಧ ಮೇಲೆ ಹೋಗಿ ಕೆಳಗಿಳಿಯಿತು. ಹಿಂದಿದ್ದ ಹೆಂಗಸು ನನ್ನ ಬೆನ್ನು ಮುಟ್ಟಿದಳು, ಸಾಲು ಮುಂದೆ ಸರಿಯಿತು.

ಮರುದಿನ ಬಾಳಗೊಂಡನ ಹೆಂಡತಿ ಆಹಾರ ಕೊಡಲೆಂದು ಮಡಿಯಲ್ಲಿ ಅಡುಗೆ ಮಾಡಿ ಕಾಯ್ದಿದ್ದಳು. ದಿನಕ್ಕೆ ಒಂದೇ ಊಟ ಅವರಿಗೆ, ನೀರೂ ಆ ಹೊತ್ತಿಗೇ. ಅಂದು ಅವರು ಬರಲಿಲ್ಲ. ಮಧ್ಯಾಹ್ನ ಅವಳು ನನಗೆ ಫೋನ್ ಮಾಡಿದಳು.

"ನಿನ್ನೆ ತಮ್ಮಿಂದ ಏನೋ ತಪ್ಪಾತಂತ ದೊಡ್ಡ ಮಾತಾಜಿಯವರ ಮುಂದ ಹೇಳ್ಕೊಂಡು ಉಪಾಸ ತಗೊಂಡಾರಂತ್ರಿ. ಹಳೇದು ಏನೋ ಕೇಳಬಾರದ್ದು ಕೇಳಿದ್ರಂತ. ಏನಂತ ಯಾರಿಗೂ ಗೊತ್ತಿಲ್ಲ. ಅಂಥಾದ್ದೇನು ಕೇಳಿದ್ರೋ ಏನೋ, ನಿಮಗೇನಾದ್ರೂ ಗೊತ್ತೇನು ಸಿಸ್ಟರ್?"

ಗೊತ್ತಿಲ್ಲ ಅಂದೆ. ಅಕ್ಕೋರ ಮುಂದೆ ಹೇಳದ ಸುಳ್ಳನ್ನು ಒಂದು ದಿನ ತಡವಾಗಿ, ಬೇಕಾಗದವರ ಮುಂದೆ ಹೇಳಿದೆ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಸಂಘ ಹೊರಟಿತು. ರಸ್ತೆಯ ಅಂಚಿನಲ್ಲಿ ಜನರ ಜೊತೆ ನಿಂತಿದ್ದೆ. ಹಿಂದಿನ ದಿನದಿಂದ ಒಂದು ಹನಿ ನೀರಿಲ್ಲದ ಬಾಯಿಯಲ್ಲಿ, ನೆಲ ನೋಡುತ್ತ, ಅವರು ನನ್ನ ಮುಂದೆಯೇ ಹಾದುಹೋದರು. ಅವರ ಉಪವಾಸ, ಅವರು ಕೇಳಿದ ಆ ಒಂದು ಮಾತಿಗೆ. ನಾನು ಕೊಟ್ಟ ಉತ್ತರಕ್ಕೆ ಅವರ ಶಾಸ್ತ್ರದಲ್ಲಿ ಏನಾದರೂ ಪ್ರಾಯಶ್ಚಿತ್ತ ಇದೆಯೋ, ನಾನು ಯಾರನ್ನೂ ಕೇಳಿಲ್ಲ.